ಕೊನೆಯ ಎರಡು ಸಾಲು

ಸಚಿವರು ಕನ್ನಡಕ ಏರಿಸಿಕೊಂಡು ಪತ್ರಿಕೆಯ ತುಣುಕೊಂದನ್ನು ಎತ್ತಿ ಹಿಡಿದಾಗ, ಓದುಗರ ಪತ್ರಗಳ ಪುಟ ನೋಡಿಕೊಳ್ಳುವ ಉಪಸಂಪಾದಕ ಚಹದ ಲೋಟವನ್ನು ತುಟಿಯ ಹತ್ತಿರ ತಂದಿದ್ದ. ಸುದ್ದಿಮನೆಯ ಗೋಡೆಯ ಮೇಲಿನ ಟಿ.ವಿ.ಯಲ್ಲಿ ಅಕ್ಷರ ಓದಲಾಗುತ್ತಿರಲಿಲ್ಲ. ಆದರೂ ಅದು ತನ್ನ ಪುಟದ್ದೇ ಎಂದು ಅವನಿಗೆ ಗೊತ್ತಾಯಿತು. ಆ ಅಂಕಣದ ಅಗಲದ ಜೊತೆ ಅವನದು ಹದಿನಾಲ್ಕು ವರ್ಷದ ಸಂಸಾರ.

“ಇದು ನಾನು ಹೇಳ್ತಿರೋ ಮಾತಲ್ಲ, ಜನ ಹೇಳ್ತಿರೋದು,” ಎಂದು ಸಚಿವರು ಓದತೊಡಗಿದರು. “‘ದೊಡ್ಡಾಸ್ಪತ್ರೆಯಲ್ಲಿ ಮಲಗಿದಾಗ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಹೊದಿಕೆಯ ಮೇಲಿನ ಹಳದಿ ಕಲೆ. ನನಗಿಂತ ಮೊದಲು ಅದರಲ್ಲಿ ಯಾರು ನರಳಿದ್ದರೋ, ಅವರ ನೋವೆಲ್ಲ ಹೊದಿಕೆಯಲ್ಲೇ ಉಳಿದಿತ್ತು. ಒಗೆದ ಬಟ್ಟೆಯೇ ಹೀಗಾದರೆ ಒಗೆಯದ ಬಟ್ಟೆ ಹೇಗಿರಬಹುದು? ಇಂತಿ, ಒಬ್ಬ ನೊಂದ ರೋಗಿ.’”

ಆಮೇಲೆ ಮುಖ್ಯ ಮಾತಿಗೆ ಬಂದರು. ಬರುವ ಒಂದನೇ ತಾರೀಖಿನಿಂದ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಖಾಸಗಿ ಕಂಪನಿಗೆ. ಈಗಿರುವ ಮೂವತ್ತೆರಡು ಹೆಂಗಸರಿಗೆ ‘ಸೂಕ್ತ ವ್ಯವಸ್ಥೆ’. ಆ ಎರಡು ಪದಗಳನ್ನು ಉಪಸಂಪಾದಕ ಎಷ್ಟು ಸಲ ತಿದ್ದಿದ್ದನೆಂದರೆ, ಅವುಗಳ ಒಳಗೆ ಏನೂ ಇಲ್ಲವೆಂದು ಮುಟ್ಟಿ ನೋಡಿದವನಂತೆ ಹೇಳಬಲ್ಲವನಾಗಿದ್ದ.

“ಏನಪ್ಪಾ ಕತ್ತರಿ, ನಿನ್ನ ಪುಟ ಸರಕಾರಾನೇ ಅಲ್ಲಾಡಿಸಿಬಿಡ್ತಲ್ಲೋ!” ಎಂದು ಅಪರಾಧ ವರದಿಗಾರ ಬೆನ್ನು ತಟ್ಟಿದ. ಕತ್ತರಿ ಎಂಬುದು ಕಚೇರಿ ಅವನಿಗೆ ಇಟ್ಟ ಹೆಸರು. ಕತ್ತರಿ ಚಹವನ್ನು ಹಾಗೇ ಕೆಳಗಿಟ್ಟ. ಏಕೆಂದರೆ ನೊಂದ ರೋಗಿ ಎಂಬ ಮನುಷ್ಯ ಎಲ್ಲಿಯೂ ಇರಲಿಲ್ಲ. ಆ ಪತ್ರ ಬರೆದವನು ಅವನೇ.

ಅವನ ಪುಟ ಸಂಜೆ ನಾಲ್ಕಕ್ಕೆ ಮುಗಿಯಬೇಕು, ದಿನಕ್ಕೆ ಐದು ಪತ್ರ ಬೇಕು. ಹಿಂದೆಲ್ಲ ಚೀಲದ ತುಂಬ ಬರುತ್ತಿದ್ದವು. ಈಗ ಜನ ತಮ್ಮ ಅಭಿಪ್ರಾಯವನ್ನು ಫೋನಿನಲ್ಲೇ ಕಾರಿಕೊಂಡು ಹಗುರಾಗುತ್ತಾರೆ. ಬರುವುದು ಎರಡೋ ಮೂರೋ, ಅದರಲ್ಲಿ ಒಂದು ಚರಂಡಿಯದು, ಒಂದು ಬೀದಿನಾಯಿಯದು. ಉಳಿದದ್ದನ್ನು ಅವನೇ ಹುಟ್ಟಿಸುತ್ತಿದ್ದ. ತೆರಿಗೆ ಏರಿದರೆ ಒಬ್ಬ ಸಣ್ಣ ವ್ಯಾಪಾರಿ, ಶಾಲೆ ಮುಚ್ಚಿದರೆ ಒಬ್ಬ ನಿವೃತ್ತ ಶಿಕ್ಷಕ, ಬಸ್ಸಿನ ದರ ಏರಿದರೆ ಇಬ್ಬರು ಮಕ್ಕಳ ತಾಯಿ. ಬ್ಯಾಂಕುಗಳ ವಿಲೀನವನ್ನು ಇವತ್ತು ಒಬ್ಬ ಮೆಚ್ಚಿಕೊಂಡರೆ ನಾಳೆ ಇನ್ನೊಬ್ಬ ಅವನ ಮೇಲೆ ಹರಿಹಾಯುತ್ತಿದ್ದ. ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತು ಒಂದೇ ಲೋಟದಲ್ಲಿ ಚಹ ಕುಡಿಯುವವರೆಂದು ಊರಿಗೆ ಗೊತ್ತಿರಲಿಲ್ಲ. ಸಂಪಾದಕರಿಗೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುವುದೂ ಅವರಿಗೆ ಗೊತ್ತಿತ್ತು.

ಗೊತ್ತಿಲ್ಲದವರಲ್ಲಿ ಅವನ ಅಕ್ಕನೂ ಒಬ್ಬಳು. ಅವಳು ಆ ಮೂವತ್ತೆರಡರಲ್ಲಿ ಹಿರಿಯಳು. ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಕೈ ಸವೆಸಿ ತಮ್ಮನನ್ನು ಓದಿಸಿದವಳು. ಒಗೆಯುವ ಸೋಡಾ ತಿಂದುಹಾಕಿದ ಬೆರಳುಗಳಲ್ಲಿ ಪತ್ರಿಕೆ ಹಿಡಿದು, ಮಧ್ಯಾಹ್ನದ ಬಿಡುವಿನಲ್ಲಿ ಓದುಗರ ಪತ್ರಗಳನ್ನು ಉಳಿದವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. “ನಮ್ಮೂರಲ್ಲಿ ಎಂಥೆಂಥಾ ಬುದ್ಧಿವಂತ್ರಿದ್ದಾರೆ ಕಣೋ! ಆ ರಿಟೈರಾದ ಮೇಷ್ಟ್ರು ಇದ್ದಾರಲ್ಲ, ನಮ್ಮ ಬಾಯಿಂದ ಕಿತ್ಕೊಂಡ ಹಾಗೆ ಬರೀತಾರೆ,” ಎಂದು ಮನೆಗೆ ಬಂದು ಹೊಗಳುತ್ತಿದ್ದಳು. ಅವನಿಗೆ ನಾಚಿಕೆಯಾಗುತ್ತಿತ್ತು, ಸುಳ್ಳು ಹೇಳಬಾರದು, ಖುಷಿಯೂ ಆಗುತ್ತಿತ್ತು.

ಆ ಪತ್ರ ಹುಟ್ಟಿದ್ದು ಒಂದು ಭಾನುವಾರ, ಮನೆಯ ತಾರಸಿಯ ಮೇಲೆ. ಒಣಗಿದ ಹೊದಿಕೆಗಳನ್ನು ಇಬ್ಬರೂ ಮಡಚುತ್ತಿದ್ದರು. ದೊಡ್ಡ ಬಟ್ಟೆಯನ್ನು ಒಬ್ಬರೇ ಮಡಚಬಾರದೆಂಬುದು ಅಕ್ಕನ ಕಟ್ಟುನಿಟ್ಟು. ಅವನು ಆರು ವರ್ಷದವನಾಗಿದ್ದಾಗಿನಿಂದ ಆಚೆಯ ಎರಡು ಮೂಲೆ ಅವನ ಪಾಲಿನದು.

“ಬಾಯ್ಲರ್ ಕೆಟ್ಟು ಎರಡು ತಿಂಗಳಾಯ್ತು,” ಎಂದಿದ್ದಳು ಅಕ್ಕ, ಮೂಲೆಗೆ ಮೂಲೆ ಕೂಡಿಸುತ್ತ. “ತಣ್ಣೀರಲ್ಲಿ ಔಷಧಿ ಕಲೆ ಹೋಗುತ್ತೇನೋ? ಮೂರು ಸಲ ಅರ್ಜಿ ಕೊಟ್ವಿ, ಕೇಳೋರೇ ಇಲ್ಲ. ಆ ಕಲೆ ನೋಡಿದ್ರೆ ಕರುಳು ಚುರ್ ಅನ್ನುತ್ತೆ. ಯಾರು ನರಳಿದ್ರೋ, ಅವರ ನೋವೆಲ್ಲ ಹೊದಿಕೇಲೇ ಉಳ್ಕೊಂಡಿರುತ್ತೆ. ನಿಮ್ಮ ಪುಟದಲ್ಲಿ ಯಾರಾದ್ರೂ ಪುಣ್ಯಾತ್ಮರು ಇದನ್ನೊಂದು ಬರೀಬಾರ್ದಾ?”

ಸೋಮವಾರ ಅವನೇ ಪುಣ್ಯಾತ್ಮನಾದ. ಹದಿಮೂರು ಸಾಲು ಬರೆದ. ಕೊನೆಯ ಎರಡು ಸಾಲು ಹೀಗಿದ್ದವು: ‘ಇದರಲ್ಲಿ ಒಗೆಯುವವರ ತಪ್ಪೇನೂ ಇಲ್ಲ. ಎರಡು ತಿಂಗಳಿಂದ ಕೆಟ್ಟು ಕೂತಿರುವ ಬಾಯ್ಲರನ್ನು ಕೂಡಲೇ ದುರಸ್ತಿ ಮಾಡಿಸಿ.’ ನಾಲ್ಕಕ್ಕೆ ಐದು ನಿಮಿಷವಿದ್ದಾಗ ಜಾಹೀರಾತಿನವರು ಕೆಳಗಿನಿಂದ ಫೋನು ಮಾಡಿ, ಗಾತ್ರ ಸ್ವಲ್ಪ ಬೆಳೆದಿದೆ, ಎರಡು ಸಾಲು ಜಾಗ ಬಿಡಿ ಎಂದರು.

ಸುದ್ದಿಯನ್ನು ಕೆಳಗಿನಿಂದ ಕತ್ತರಿಸುವುದು ಪತ್ರಿಕೆಯ ಹಳೆಯ ಪದ್ಧತಿ. ವರದಿಗಾರ ಮುಖ್ಯವಾದದ್ದನ್ನು ಮೊದಲೇ ಹೇಳಿರುತ್ತಾನೆ, ಬಾಲ ಹೋದರೆ ನಷ್ಟವಿಲ್ಲ. ಪತ್ರ ಬರೆಯುವವರು ಹಾಗಲ್ಲ. ಅವರು ಸಂಕಟವನ್ನು ಮೊದಲು ತೋಡಿಕೊಂಡು, ಬೇಕಾದದ್ದನ್ನು ಸಂಕೋಚದಿಂದ ಕಟ್ಟಕಡೆಗೆ ಕೇಳುತ್ತಾರೆ. ಇದು ಅವನಿಗೆ ಗೊತ್ತಿತ್ತು. ನಿಜವಾದ ಓದುಗರ ಪತ್ರವಾಗಿದ್ದರೆ ನಡುವೆ ಎಲ್ಲೋ ಒಂದು ಪದ, ಇನ್ನೆಲ್ಲೋ ಒಂದು ಪದ ಹೆಕ್ಕಿ ಜಾಗ ಮಾಡುತ್ತಿದ್ದ. ತನ್ನದೇ ಪತ್ರವಲ್ಲವೇ, ತಕರಾರು ತೆಗೆಯುವವರು ಯಾರು? ತಿರುಗಿ ಓದದೆ ಕೊನೆಯ ಎರಡು ಸಾಲು ಹಾರಿಸಿ ಪುಟ ಕಳಿಸಿದ. ಆ ದಿನ ಸಮಯಕ್ಕೆ ಸರಿಯಾಗಿ ಬಸ್ಸೂ ಸಿಕ್ಕಿತ್ತು.

ಸಚಿವರ ಭಾಷಣವಾದ ನಾಲ್ಕನೇ ದಿನ ಅಕ್ಕ ಕಚೇರಿಗೇ ಬಂದಳು. ಹದಿನಾಲ್ಕು ವರ್ಷದಲ್ಲಿ ಅವಳು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಕೆಲಸದ ನೀಲಿ ಅಂಗಿಯಲ್ಲೇ ಇದ್ದಳು. ಎರಡೂ ಕೈಯಲ್ಲಿ ಒಂದು ಲಕೋಟೆ ಹಿಡಿದು, ಸ್ವಾಗತಕಾರಿಣಿಯ ಮೇಜಿನ ಎದುರು ಬೇರೆಯವರ ಮನೆಗೆ ಬಂದವಳಂತೆ ಮುದುಡಿ ನಿಂತಿದ್ದಳು.

“ನಮ್ಮ ಉತ್ತರ ಬರೆದಿದ್ದೀವಿ. ಮೂವತ್ತೊಂದು ಜನ ಸಹಿ ಹಾಕಿದ್ದಾರೆ.”

“ಮೂವತ್ತೆರಡಲ್ವಾ ಅಕ್ಕ?”

“ಇಸ್ತ್ರಿಯವಳ ಸಹಿ ತಗೊಂಡಿಲ್ಲ.” ಅಕ್ಕ ದನಿ ತಗ್ಗಿಸಿದಳು. “ಆ ಪತ್ರ ಅವಳೇ ಬರೆದಿದ್ದು ಕಣೋ. ನೋವೆಲ್ಲ ಹೊದಿಕೇಲೇ ಉಳ್ಕೊಂಡಿರುತ್ತೆ ಅನ್ನೋದು ನನ್ನ ಮಾತು. ಇಸ್ತ್ರಿ ಕೋಣೆ ಬಿಟ್ರೆ ಬೇರೆಲ್ಲೂ ಆಡಿದೋಳಲ್ಲ. ಹೋದ ತಿಂಗಳು ಅವಳ ಗಂಡ ಅಲ್ಲೇ ಮಲಗಿದ್ದ. ಅವನ ಕೈಲಿ ಬರೆಸಿದ್ದಾಳೆ. ಅದರ ಮೂಲ ಪತ್ರ ಇರುತ್ತಲ್ಲ, ಒಂದು ಸಲ ತೋರಿಸು. ಅಕ್ಷರ ನೋಡಿದ್ರೆ ಗೊತ್ತಾಗುತ್ತೆ.”

ಮನೆಯಲ್ಲೂ ಆಡಿದ್ದು ಅವಳಿಗೆ ನೆನಪೇ ಇರಲಿಲ್ಲ. ತಮ್ಮನ ಮುಂದೆ ಆಡಿದ್ದು ಹೊರಗೆ ಆಡಿದ ಹಾಗೆ ಅವಳ ಲೆಕ್ಕಕ್ಕೆ ಬರುತ್ತಿರಲಿಲ್ಲ. ಈಗಲೇ, ಇಲ್ಲೇ ಹೇಳಿಬಿಡಬೇಕು ಎಂದುಕೊಂಡ. ಬಾಯಿಂದ ಬಂದದ್ದು ಬೇರೆ.

“ಮೂಲ ಪತ್ರ ಇಟ್ಕೊಳ್ಳಲ್ಲ ಅಕ್ಕ. ಬಿಸಾಕ್ತೀವಿ.”

“ಬಿಸಾಕ್ತೀರಾ?” ಅವಳಿಗೆ ಆಶ್ಚರ್ಯವಾಯಿತು. “ಪಾಪ, ಅಷ್ಟು ಕಷ್ಟಪಟ್ಟು ಬರೆದಿರ್ತಾರೆ.”

ಅವಳು ಹೋದಮೇಲೆ ಅವನು ನೇರ ಸಂಪಾದಕರ ಕೋಣೆಗೆ ನುಗ್ಗಿದ. ಬಿಟ್ಟುಹೋದ ಎರಡು ಸಾಲನ್ನು ತಿದ್ದುಪಡಿಯಾಗಿ ಹಾಕೋಣ, ಪತ್ರ ಬರೆದವನು ನಾನೇ ಎಂದೂ ಹೇಳೋಣ ಎಂದ. ಸಂಪಾದಕರು ಬಾಗಿಲು ಹಾಕಲು ಸನ್ನೆ ಮಾಡಿದರು. ಅವರು ಕೆಟ್ಟವರಲ್ಲ, ದಣಿದವರು.

“ನಾನು ಅದೇ ಪತ್ರ ಇಟ್ಕೊಂಡು ಸಂಪಾದಕೀಯ ಬರೆದಾಗಿದೆ ಕಣ್ರೀ. ಖಾಸಗಿಯವರು ಬಂದ್ರೇನೇ ಸುಧಾರಣೆ ಅಂತ. ಈಗ ಆ ರೋಗಿ ನಮ್ಮ ಆಫೀಸಲ್ಲೇ ಕೂತಿರ್ತಾನೆ ಅಂದ್ರೆ, ನಾಳೆಯಿಂದ ಈ ಪತ್ರಿಕೇನ ಯಾರು ಮುಟ್ತಾರೆ?”

“ಮೂವತ್ತೆರಡು ಮನೆ ಸಾರ್.”

“ನಿಮ್ಮ ಪತ್ರ ಇಲ್ದಿದ್ರೂ ಸರಕಾರದೋರು ಕಂಪನಿಗೆ ಕೊಡ್ತಿದ್ರು. ಬೇರೆ ಪತ್ರ ಹುಡುಕ್ಕೊಳ್ತಿದ್ರು ಅಷ್ಟೆ. ಬಾಯ್ಲರ್ ಯಾಕೆ ರಿಪೇರಿ ಆಗ್ಲಿಲ್ಲ ಅಂತ ಯೋಚನೆ ಮಾಡಿ.” ನಾಳೆಯ ಪುಟದ ಪ್ರತಿಯನ್ನು ಹತ್ತಿರ ಎಳೆದುಕೊಂಡು ಹೇಳಿದರು, “ಹೆಂಗಸರ ಪತ್ರ ಹಾಕಿ. ಪೂರ್ತಿ ಬೇಡ, ನಾಳೆ ಸರಕಾರದ ಜಾಹೀರಾತಿದೆ.”

ಆ ಮಾತು ನಿಜವೇ ಇರಬಹುದು. ಎಲ್ಲ ಮೊದಲೇ ನಿಶ್ಚಯವಾಗಿತ್ತು, ತನ್ನದು ಬರೀ ನೆಪ ಎಂದು ಅವನು ಒಂದು ವಾರ ಆ ಮಾತಿಗೆ ಜೋತುಬಿದ್ದ. ನಲವತ್ತು ಸಾಲಿನ ಪತ್ರವನ್ನು ಹನ್ನೊಂದಕ್ಕೆ ಇಳಿಸಿದ. ಈ ಸಲ ಬಾಯ್ಲರನ್ನು ಮೊದಲ ಸಾಲಿಗೆ ತಂದ. ಸಹಿಗಳಿಗೆ ಜಾಗವಿರಲಿಲ್ಲ. ‘ಲಾಂಡ್ರಿ ಕೆಲಸಗಾರರು’ ಎಂದು ಹಾಕಿದ. ಪತ್ರ ಪ್ರಕಟವಾಯಿತು, ಒಂದು ಎಲೆಯೂ ಅಲುಗಲಿಲ್ಲ.

ಆದರೆ ಎಷ್ಟೋ ವರ್ಷಗಳಿಂದ ಬರದಿದ್ದಷ್ಟು ಪತ್ರಗಳು ಈಗ ಅವನ ಮೇಜಿಗೆ ಬರತೊಡಗಿದವು. ಹೆಸರು, ವಿಳಾಸ, ಸಹಿ ಎಲ್ಲ ಇದ್ದ ನಿಜವಾದ ಪತ್ರಗಳು. ನೊಂದ ರೋಗಿಯ ನೋವು ತಮ್ಮದೂ ಹೌದೆಂದು ಬರೆದಿದ್ದರು. ಸರಕಾರಿ ಕೆಲಸಗಾರರೆಂದರೆ ಇಷ್ಟೇ, ಸಚಿವರ ಕ್ರಮ ದಿಟ್ಟವಾದದ್ದು, ಇದೇ ರೀತಿ ಆಸ್ಪತ್ರೆಯ ಅಡುಗೆಮನೆಯನ್ನೂ ಕೊಟ್ಟುಬಿಡಿ ಎಂದಿದ್ದರು. ಮೂವತ್ತೊಂಬತ್ತು ಪತ್ರ. ಒಂದರಲ್ಲೂ ಬಾಯ್ಲರಿನ ಸುದ್ದಿಯಿರಲಿಲ್ಲ. ಅವನು ಅವನ್ನು ಡ್ರಾಯರಿಗೆ ತುಂಬಿ ಬೀಗ ಹಾಕಿದ.

ತಿಂಗಳ ಕೊನೆಯ ದಿನ ಮಧ್ಯಾಹ್ನ ಅವನು ಅರ್ಧ ದಿನ ರಜೆ ಹಾಕಿ ಮನೆಗೆ ಬಂದ. ಅಕ್ಕ ಆಗಲೇ ಬಂದಿದ್ದಳು. ಬೆಳಿಗ್ಗೆ ಹತ್ತು ಗಂಟೆಗೇ ಕಂಪನಿಯವರು ಬೀಗದ ಕೈ ತೆಗೆದುಕೊಂಡರಂತೆ. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಇದ್ದಬದ್ದ ಹೊದಿಕೆಯನ್ನೆಲ್ಲ ಒಗೆದು ತಾರಸಿಯ ಮೇಲೆ ಹರವಿ, ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದಳು. ಬಿಸಿಲು ಇನ್ನೂ ಚುರುಕಾಗಿತ್ತು.

“ಎಲ್ಲರೂ ಸೇರಿ ಒಂದು ಫೋಟೋ ತೆಗೆಸ್ಕೊಂಡ್ವಿ,” ಎಂದಳು. “ಇಸ್ತ್ರಿಯವಳು ಬಂದು ನನ್ನ ಪಕ್ಕದಲ್ಲಿ ನಿಂತ್ಕೊಂಡ್ಳು. ಆಚೆ ನಿಲ್ಲು ಅಂದೆ. ಬಾಗಿಲ ಹತ್ರ ಹೋಗಿ ನಿಂತ್ಳು. ಅಳ್ಲಿಲ್ಲ, ಏನೂ ಇಲ್ಲ. ಇಪ್ಪತ್ತು ದಿನದಿಂದ ಅವಳ ಜೊತೆ ಯಾರೂ ಊಟಕ್ಕೆ ಕೂತಿಲ್ಲ, ನೋಡು.”

“ಅಕ್ಕ, ಆ ಪತ್ರ ಅವಳು ಬರೆದದ್ದಲ್ಲ.”

“ನಿನಗೆ ಹೇಗೆ ಗೊತ್ತು?”

“ನಾನು ಬರೆದದ್ದು.”

ಅವಳು ತಮಾಷೆಯೇನೋ ಎಂದು ಅವನ ಮುಖ ನೋಡಿದಳು. ಅವನು ತಾರಸಿಯ ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಭಾನುವಾರದ ಮಾತು, ಹದಿಮೂರು ಸಾಲು, ನಾಲ್ಕಕ್ಕೆ ಐದು ನಿಮಿಷ.

“ಬಾಯ್ಲರ್ ವಿಷಯ ಬರೆದಿದ್ದೆಯಾ?”

“ಬರೆದಿದ್ದೆ. ಆಮೇಲೆ ತೆಗೆದೆ.”

“ಯಾಕೋ?”

“ಜಾಗ ಇರಲಿಲ್ಲ ಅಕ್ಕ.”

ಇಷ್ಟು ಸಣ್ಣ ಉತ್ತರ ಹೇಳಲು ಅವನಿಗೆ ಸಾಯುವಷ್ಟು ನಾಚಿಕೆಯಾಯಿತು. ಅಕ್ಕ ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ತನ್ನ ಬೆರಳುಗಳನ್ನೇ ಒಂದೊಂದಾಗಿ ಮುಟ್ಟಿ ನೋಡಿಕೊಂಡಳು.

“ಆ ರಿಟೈರಾದ ಮೇಷ್ಟ್ರು?” ಎಂದಳು ಕೊನೆಗೆ.

“ನಾನೇ.”

“ಬಸ್ಸಿನ ಬಗ್ಗೆ ಬರೆದಿದ್ಳಲ್ಲ, ಎರಡು ಮಕ್ಕಳ ತಾಯಿ? ಅವಳ ಚಿಕ್ಕ ಮಗೂಗೆ ಉಬ್ಬಸ ಅಂತ ನಾವೆಲ್ಲ ಮರುಗಿದ್ವಿ.”

“ಅದೂ ನಾನೇ ಅಕ್ಕ.”

“ಪಿಂಚಣಿಗೆ ಓಡಾಡಿ ಓಡಾಡಿ ಚಪ್ಪಲಿ ಸವೆಸಿದೋರು?”

ಅವನು ತಲೆಯಾಡಿಸಿದ.

“ಹಾಗಾದ್ರೆ ಇಷ್ಟು ವರ್ಷ,” ಅಕ್ಕನ ದನಿ ಇಳಿಯಿತು, “ಅಲ್ಲಿ ಯಾರೂ ಇರ್ಲಿಲ್ವೇನೋ?”

ಈಗ ಇದ್ದಾರೆ ಎನ್ನಬಹುದಿತ್ತು. ಡ್ರಾಯರಿನಲ್ಲಿ ಮೂವತ್ತೊಂಬತ್ತು ಜನ ಹೆಸರು ವಿಳಾಸ ಸಮೇತ ಇದ್ದರು.

“ಇಸ್ತ್ರಿಯವಳ ಮನೆ ಊರ ನೀರಿನ ಟ್ಯಾಂಕಿನ ಹಿಂದೆ,” ಎಂದು ಅಕ್ಕ ಕಟ್ಟೆಯಿಂದ ಎದ್ದಳು. “ಗಂಡ ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ. ನೀನೇ ಹೋಗಿ ಹೇಳು. ನಾನು ಬರಲ್ಲ. ನಂಗೆ ಮುಖ ಇಲ್ಲ.”

“ಹೋಗ್ತೀನಿ.”

ಅವಳು ಹಗ್ಗದ ಕಡೆ ನಡೆದು ಮೊದಲ ಹೊದಿಕೆಯನ್ನು ಎಳೆದುಕೊಂಡಳು. ಅವನು ಎಂದಿನಂತೆ ಎರಡು ಹೆಜ್ಜೆ ಮುಂದೆ ಬಂದು ಆಚೆಯ ಮೂಲೆಗಳಿಗಾಗಿ ಕೈ ಚಾಚಿದ. ಅಕ್ಕ ಅವನ ಕಡೆ ತಿರುಗಲಿಲ್ಲ. ಹೊದಿಕೆಯ ನಡುವನ್ನು ಗಲ್ಲದ ಕೆಳಗೆ ಒತ್ತಿಹಿಡಿದು, ಎರಡೂ ತೋಳು ಅಗಲಿಸಿ, ಒಬ್ಬಳೇ ಮಡಚತೊಡಗಿದಳು. ಬಟ್ಟೆ ಅವಳಿಗಿಂತ ಉದ್ದವಿತ್ತು. ಅದರ ತುದಿ ತಾರಸಿಯ ದೂಳಿನ ಮೇಲೆ ಎಳೆದಾಡುತ್ತಿತ್ತು.