ಏನೂ ಬರ್ತಿಲ್ಲ, ನಡೀರಿ

ಹೋಯಿತು, ಏನೋ ಒಂದು ಹೋಯಿತು, ಗಾಳಿ ಮಾತ್ರ ಮೊಣಕಾಲಿಗೆ ಬಡಿದು ಬಟ್ಟೆಯ ಅಂಚನ್ನು ಎಳೆದು ಬಿಟ್ಟಿತು, ಸದ್ದಿಲ್ಲ, ಸದ್ದೇ ಇಲ್ಲ, ಕಾರೋ ಬಸ್ಸೋ ಯಾರಿಗೆ ಗೊತ್ತು, ಬಸ್ಸಾಗಿದ್ದರೆ ಗಾಳಿ ಭುಜದ ತನಕ ಬರುತ್ತಿತ್ತು, ಹಾಗಾದರೆ ಕಾರಿರಬೇಕು, ಇರಬೇಕು ಇರಬೇಕು ಅಂದುಕೊಂಡು ಫುಟ್‌ಪಾತಿನ ಅಂಚಿನಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದೇನೋ, ಬಿಳಿ ಕೋಲು ಒಮ್ಮೆ ಕೆಳಗಿಳಿದು ಡಾಂಬರು ಮುಟ್ಟಿ ಮತ್ತೆ ಮೇಲೆ ಬಂತು, ಕೋಲಿಗೂ ಭಯ. ರಸ್ತೆಯಾಚೆ ಸಾರಿಗೆ ಇಲಾಖೆಯ ಕಟ್ಟಡ, ಮೊದಲ ಮಹಡಿಯಲ್ಲಿ ವಿಚಾರಣೆ ಶುರುವಾಗಿರುತ್ತದೆ, ಕರೆಂಟಿನ ಗಾಡಿಗಳು ಸದ್ದು ಮಾಡಬೇಕೋ ಬೇಡವೋ ಎಂದು ಸಾರ್ವಜನಿಕರನ್ನು ಕೇಳುವ ವಿಚಾರಣೆ, ಅಲ್ಲಿ ಸಾರ್ವಜನಿಕಳಾದ ನಾನು ಎರಡು ಮಾತು ಹೇಳಬೇಕು, ತಮ್ಮ ಹೇಳಿಕೊಟ್ಟ ಎರಡು ಮಾತು — ಅಕ್ಕ, ಜಾಸ್ತಿ ಏನೂ ಬೇಡ, ನಂಗೆ ಹುಟ್ಟಿದಾಗಿಂದ ಕಣ್ಣು ಕಾಣಲ್ಲ, ಆದ್ರೂ ಈ ಬಸ್ಸುಗಳಿಂದ ಒಂದು ದಿನಾನೂ ತೊಂದ್ರೆ ಆಗಿಲ್ಲ, ಅಷ್ಟು ಹೇಳು ಸಾಕು, ನೀನೇ ಹೇಳಿದ್ದಲ್ವಾ. ಹೌದಪ್ಪಾ, ನಾನೇ ಹೇಳಿದ್ದು. ಕಾರಿನಲ್ಲಿ ಕರ್ಕೊಂಡು ಹೋಗ್ತೀನಿ ಬಾ ಎಂದ, ಬೇಡ ನಾನೇ ಬರ್ತೀನಿ ಎಂದೆ, ದಾರಿಯಲ್ಲಿ ಯೋಚಿಸಲು ಸಮಯ ಬೇಕಿತ್ತು, ಬಸ್ಸು ಇಳಿದದ್ದೂ ಆಯಿತು, ಯೋಚನೆ ಮಾತ್ರ ಇಳಿಯಲೊಲ್ಲದು.

ತಮ್ಮ ಪತ್ರಿಕೆಯಲ್ಲಿ ಅಂಕಣ ಬರೆಯುತ್ತಾನೆ, ಹೊಸ ಯಂತ್ರಗಳ ಬಗ್ಗೆ, ರಸ್ತೆ ರೈಲುಗಳ ಬಗ್ಗೆ, ಸರ್ಕಾರ ಮಾಡುವ ನಿಯಮಗಳ ಬಗ್ಗೆ, ಮುಖ್ಯವಾಗಿ ನಿಯಮಗಳ ಬಗ್ಗೆ, ನಿಯಮ ಅಂದರೆ ಅವನಿಗೆ ಚಿಕ್ಕಂದಿನಿಂದಲೂ ಆಗದು, ಊಟಕ್ಕೆ ಮುಂಚೆ ಕೈ ತೊಳೆಯಬೇಕು ಎಂದದ್ದಕ್ಕೇ ಅಪ್ಪನ ಜೊತೆ ವಾದ ಹೂಡಿದವನು. ಬರೆದದ್ದನ್ನು ಮೊದಲು ನನಗೆ ಓದಿ ಹೇಳುತ್ತಾನೆ, ಶಾಲೆಯ ಪಾಠ ಓದಿ ಹೇಳುತ್ತಿದ್ದ ಹಾಗೆಯೇ, ಪ್ಯಾರಾ ಮುಗಿದಲ್ಲಿ ಮೂಗೆಳೆದುಕೊಂಡು, ಹೇಗಿದೆ ಅಕ್ಕ, ನಾನು ಹೂಂ ಎಂದರೆ ಹಿಗ್ಗಿ ಹೀರೇಕಾಯಿ. ಈ ಸದ್ದಿನ ನಿಯಮದ ಬಗ್ಗೆ ಬರೆದ ಸಂಜೆಯೂ ಅಡುಗೆಮನೆಯ ಮೇಜಿಗೆ ಮೊಣಕೈ ಊರಿ ಓದಿದ, ಇಷ್ಟು ವರ್ಷ ಹೊಗೆ ಕುಡಿದು ಹಾರ್ನ್ ಕೇಳಿ ಕಿವುಡಾದ ಊರಿಗೆ ಈಗ ತಾನೇ ಒಂದಿಷ್ಟು ಮೌನ ಸಿಕ್ಕಿದೆ, ಅಷ್ಟರಲ್ಲಿ ಇಲಾಖೆಯವರು ಕರೆಂಟಿನ ಬಸ್ಸಿಗೆ ಸ್ಪೀಕರ್ ಕಟ್ಟಿ ಬೇಕಂತಲೇ ಕೂಗಿಸಬೇಕು ಎನ್ನುತ್ತಾರೆ, ರಸ್ತೆಯ ಗುಂಡಿ ಮುಚ್ಚಲಾಗದವರು ನಿಯಮ ತೋಡುವುದರಲ್ಲಿ ಮಾತ್ರ ಚುರುಕು. ನಾನು ನಕ್ಕೆ, ನಕ್ಕದ್ದಷ್ಟೇ ಅಲ್ಲ, ತಲೆಬರಹ ಕೊಟ್ಟವಳೂ ನಾನೇ, ಬೆಕ್ಕಿಗೆ ಗಂಟೆ ಅಂತ ಹಾಕೋ, ಅವನು ಮೇಜು ಬಡಿದು ನಕ್ಕ, ಲೋಟ ಉರುಳಿತು. ಅವನ ಮಾತಿನಲ್ಲಿ ಹುರುಳಿಲ್ಲ ಎಂದು ಈಗಲೂ ಹೇಳಲಾರೆ, ಸಿಗ್ನಲ್ ಕಂಬಕ್ಕೆ ಬೀಪ್ ಬೀಪ್ ಯಂತ್ರ ಹಾಕಿದರು, ಎದುರು ಮನೆಯವರಿಗೆ ನಿದ್ದೆ ಬರುವುದಿಲ್ಲವೆಂದು ಅದರ ಬಾಯಿ ಮುಚ್ಚಿಸಿದರು, ಮಾತಾಡುವ ಕೋಲು ಬಂದಿದೆ ಎಂದು ಟೀವಿಯವರು ವಾರವಿಡೀ ಕುಣಿದರು, ಅದು ಎಡಕ್ಕೆ ತಿರುಗಿ ಎಂದು ಮಧುರವಾಗಿ ಹೇಳಿ ನನ್ನ ಹಣೆಯನ್ನು ಗೋಡೆಗೆ ಕುಟ್ಟಿಸಿತು, ಸುದ್ದಿಯಲ್ಲಿ ಬರುವ ತಂತ್ರಜ್ಞಾನಕ್ಕೆ ಫುಟ್‌ಪಾತಿನ ಪರಿಚಯವೇ ಇಲ್ಲ, ಅಂದೆ, ಅದನ್ನೂ ಬರೆದುಕೊಂಡ.

ಆಮೇಲೆ ಪೆನ್ನು ಕೆಳಗಿಟ್ಟ ಸದ್ದು, ಅವನ ದನಿ ಇಳಿಯಿತು, ಅಕ್ಕ, ಒಂದು ಕೇಳ್ತೀನಿ, ನಿಜ ಹೇಳು, ಈ ಬಸ್ಸುಗಳು ನಿಂಗೆ ಕೇಳ್ಸುತ್ತಾ, ನಿಂಗೆ ಕಷ್ಟ ಅಂದ್ರೆ ಇದನ್ನ ಈಗ್ಲೇ ಹರಿದು ಹಾಕ್ತೀನಿ. ಹಾಕುತ್ತಿದ್ದ, ಅದರಲ್ಲಿ ಅನುಮಾನವಿಲ್ಲ, ನನ್ನ ಒಂದು ಮಾತಿಗೆ ಹರಿಯುತ್ತಿದ್ದ. ಆ ವಾರವೇ ಆಸ್ಪತ್ರೆಯ ಗೇಟಿನ ಹತ್ತಿರ ಸ್ಕೂಟರೊಂದು ನನ್ನ ಕೋಲಿನ ತುದಿ ಸವರಿಕೊಂಡು ಹೋಗಿತ್ತು, ಪಿಸಕ್ಕೆನ್ನದೆ, ಕೋಲು ಕೈಯಲ್ಲಿ ಗಿರ್ರನೆ ತಿರುಗಿತ್ತು, ಒಳಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು ಕೂತವಳು, ಇಷ್ಟು ವರ್ಷ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಆಗಿದ್ದವಳು, ಎಕ್ಸ್‌ರೇಗೆ ಕೊಡಬೇಕಾದ ಕರೆಯನ್ನು ಅಡುಗೆಮನೆಗೆ ಕೊಟ್ಟಿದ್ದೆ. ಹೇಳಬಹುದಿತ್ತು, ನಾಲಿಗೆಯ ತುದಿಗೇ ಬಂದಿತ್ತು, ಹೇಳಿದ್ದರೆ ಏನಾಗುತ್ತಿತ್ತು, ಪಾಪ ಎನ್ನುತ್ತಿದ್ದ, ಅಷ್ಟೇ, ಆದರೆ ಆ ಪಾಪ ಎಂಬುದೊಂದನ್ನು ನಾನು ಹುಟ್ಟಿದಾಗಿನಿಂದ ಸಹಿಸಿದವಳಲ್ಲ, ಯಾರಾದರೂ ಲೊಚಗುಟ್ಟಿದರೆ ಸಾಕು ಕತ್ತು ನೆಟ್ಟಗಾಗುತ್ತದೆ, ಅಮ್ಮ ನನ್ನನ್ನು ಕರೆಯುತ್ತಿದ್ದದ್ದೇ ಜಂಬದ ಕೋಳಿ ಎಂದು. ಕೋಳಿ ಕೂಗಿತು — ಲೋ, ನನ್ನ ಕಿವಿ ಅಂದ್ರೆ ಏನಂದ್ಕೊಂಡಿದ್ದೀಯಾ, ಇರುವೆ ನಡೆದ್ರೂ ಕೇಳುತ್ತೆ, ಬಸ್ಸು ಯಾವ ಲೆಕ್ಕ. ಅಂಕಣದ ಕೊನೆಯ ಸಾಲು ಅದೇ ಆಯಿತು, ಇರುವೆ ನಡೆದರೂ ಕೇಳಿಸಿಕೊಳ್ಳುವ, ಹುಟ್ಟಿನಿಂದ ಕಣ್ಣಿಲ್ಲದ ನನ್ನ ಅಕ್ಕನಿಗೇ ಬೇಡವಾದ ಸದ್ದು ಇಲಾಖೆಗೆ ಯಾಕೆ ಬೇಕು, ಸಚಿವರು ಅದನ್ನು ಸಭೆಯಲ್ಲಿ ಓದಿದರಂತೆ, ನಿಯಮವನ್ನು ಮುಂದೂಡಿದರು, ನರ್ಸುಗಳು ಇರುವೆ ಅಕ್ಕ ಇರುವೆ ಅಕ್ಕ ಎಂದು ರೇಗಿಸಿದರು, ನನಗೆ ಖುಷಿಯಾಗಿತ್ತು, ಬಹಳ ಖುಷಿಯಾಗಿತ್ತು.

ಮತ್ತೆ ಗಾಳಿ, ಈ ಸಲ ಭುಜದ ತನಕ, ಮೊಣಕೈ ತಾನಾಗಿಯೇ ಮೈಗೆ ಅಂಟಿಕೊಳ್ಳುತ್ತದೆ, ಅಲ್ಲಿ ನಾಲ್ಕು ಬೆರಳು, ಇಲ್ಲ, ಈಗ ಯಾರೂ ಹಿಡಿದಿಲ್ಲ. ಆ ಬೆರಳು ಮೇಷ್ಟ್ರದು, ನಮ್ಮ ಬೀದಿಯ ಕೊನೆಯ ಮನೆಯ ಗಣಿತದ ಮೇಷ್ಟ್ರು, ನಿವೃತ್ತಿಯಾದ ಮೇಲೆ ಕಣ್ಣು ಹೋದವರು, ಆಪರೇಟರಮ್ಮ, ನಿಮ್ಮದು ಹಳೇ ಕುರುಡು, ನಂದು ಇನ್ನೂ ಹೊಸದು, ನೀವೇ ನನಗೆ ಸೀನಿಯರ್ ಎನ್ನುವವರು, ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಅವರು ಉದ್ಯಾನಕ್ಕೆ, ನನ್ನ ಮೊಣಕೈ ಹಿಡಿದುಕೊಂಡು ದೊಡ್ಡ ರಸ್ತೆ ದಾಟುತ್ತಿದ್ದರು, ಬೆರಳುಗಳಲ್ಲಿ ಸೀಮೆಸುಣ್ಣ ಹಿಡಿದ ಅಭ್ಯಾಸ, ಮೂರು ಬೆರಳಿನ ಒತ್ತು ಜಾಸ್ತಿ, ಕಿರುಬೆರಳಿನದು ಕಡಿಮೆ. ಅಂಕಣ ಬಂದ ಮರುದಿನ ಕೇಳಿದರು, ಅಲ್ಲ ಆಪರೇಟರಮ್ಮ, ನನಗೆ ಈ ಬಸ್ಸು ಕೇಳಿಸೋದೇ ಇಲ್ಲವಲ್ಲ, ನಿಮಗೆ ನಿಜವಾಗ್ಲೂ ಕೇಳಿಸುತ್ತಾ, ಅಭ್ಯಾಸ ಬೇಕು ಮೇಷ್ಟ್ರೇ, ಎಂದೆ, ದೊಡ್ಡ ವಿದುಷಿಯ ಹಾಗೆ, ಅವರು ಇರಬಹುದು ಇರಬಹುದು ಎಂದು ಮೊಣಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದರು. ಅದಾಗಿ ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಅಂಚಿನಲ್ಲಿ ನಿಂತೆವು, ಅವರು ನನ್ನ ಬಲಕ್ಕೆ, ಬಸ್ಸು ಬರುವ ಕಡೆಗೆ, ನಾನು ಕಿವಿಗೊಟ್ಟೆ, ದೂರದಲ್ಲಿ ಯಾರೋ ಶಟರ್ ಎತ್ತಿದರು, ನಾಯಿ ಮೈ ಕೊಡವಿತು, ರಸ್ತೆಯಲ್ಲಿ ಏನೂ ಇಲ್ಲ, ಏನೂ ಇಲ್ಲವೋ ಅಥವಾ ನನಗೆ ಏನೂ ಕೇಳಿಸುತ್ತಿಲ್ಲವೋ, ಅಷ್ಟರಲ್ಲಿ ಅವರು ಕೇಳಿದರು, ಏನಾದ್ರೂ ಬರ್ತಿದೆಯಾ ಆಪರೇಟರಮ್ಮ, ಗೊತ್ತಾಗ್ತಿಲ್ಲ ಮೇಷ್ಟ್ರೇ ಎನ್ನಲು ಎಷ್ಟು ಉಸಿರು ಬೇಕು, ಅದೇ ಉಸಿರಿನಲ್ಲಿ ನಾನು ಹೇಳಿದ್ದು ಬೇರೆ, ಏನೂ ಬರ್ತಿಲ್ಲ, ನಡೀರಿ. ನಡೆದರು, ನಂಬಿ ನಡೆದರು, ಗಾಳಿ ಭುಜಕ್ಕೆ ಬಡಿಯಿತು, ನಾಲ್ಕು ಬೆರಳು ಮೊಣಕೈಯನ್ನು ಒಮ್ಮೆ ಬಿಗಿಯಾಗಿ ಒತ್ತಿದವು, ಆಮೇಲೆ ಅಲ್ಲಿ ಬೆರಳಿರಲಿಲ್ಲ. ಸದ್ದೆಲ್ಲ ಬಂದದ್ದು ಅದಾದ ಮೇಲೆ, ಬ್ರೇಕಿನದು, ಜನರದು, ಅಯ್ಯೋ ಅಯ್ಯೋ ಎಂದು ಅಳುತ್ತಿದ್ದ ಡ್ರೈವರನದು.

ಜೀವ ಉಳಿಯಿತು, ಸೊಂಟದ ಮೂಳೆ ಮುರಿಯಿತು, ನನ್ನ ಆಸ್ಪತ್ರೆಗೇ ತಂದರು, ಮರುದಿನ ನನ್ನ ಟೆಲಿಫೋನ್ ಬೋರ್ಡಿನಲ್ಲಿ ಅವರ ಹೆಂಡತಿಯ ದನಿ ಬಂತು, ಮೂಳೆ ವಾರ್ಡಿಗೆ ಕೊಡಿ ಅಮ್ಮ, ನಾನು ನಾನೇ ಎಂದು ಹೇಳಲಿಲ್ಲ, ಲೈನು ಕೊಟ್ಟೆ, ಕೊಟ್ಟು ಹೆಡ್‌ಫೋನ್ ತೆಗೆದು ಅತ್ತೆ. ತಮ್ಮ ಓಡಿ ಬಂದ, ಹೇಗಾಯ್ತು ಅಕ್ಕ, ನೀನು ಜೊತೇಲಿದ್ಯಂತೆ, ಆಗಲಾದರೂ, ಅದೊಂದು ಗಳಿಗೆಯಲ್ಲಾದರೂ — ಇಲ್ಲ, ಬಾಯಿಂದ ಬಂತು, ಅವರೇ ಅವಸರ ಮಾಡಿದ್ರು ಕಣೋ, ನಾನು ನಿಲ್ಲಿ ಅನ್ನೋದ್ರೊಳಗೆ ಹೆಜ್ಜೆ ಇಟ್ಬಿಟ್ರು. ಪಾಪ, ಅವನಿಗೇನು ಗೊತ್ತು, ಅಕ್ಕ ಸುಳ್ಳು ಹೇಳುತ್ತಾಳೆಂದು ಅವನ ಕನಸಿನಲ್ಲೂ ಇಲ್ಲ, ಮುಂದಿನ ವಾರ ಬರೆದ, ಹಿರಿಯರು ಎಂಬ ಗೌರವವಿಟ್ಟುಕೊಂಡೇ ಬರೆದ, ರಸ್ತೆ ದಾಟುವವರ ಅವಸರಕ್ಕೆ ಬಸ್ಸು ಏನು ಮಾಡೀತು, ಅವಸರಕ್ಕೆ ಯಾವ ನಿಯಮ ತರುತ್ತೀರಿ. ಮೇಷ್ಟ್ರಿಗೆ ಅದನ್ನು ಅವರ ಹೆಂಡತಿ ಓದಿ ಹೇಳಿದ್ದಾರೆ. ಮನೆಗೆ ಬಂದ ಮೇಲೆ ಫೋನ್ ಮಾಡಿದರು, ಆಪರೇಟರಮ್ಮ ಚೆನ್ನಾಗಿದ್ದೀರಾ, ನಾನೀಗ ಹಾಸಿಗೆ ಮೇಷ್ಟ್ರು, ನಿಮ್ಮ ತಮ್ಮ ಚೆನ್ನಾಗಿ ಬರೀತಾರೆ, ಓದಿಸ್ಕೊಂಡೆ, ಬರೋಬ್ಬರಿ ಲೆಕ್ಕ, ಉತ್ತರ ಮಾತ್ರ ಬೇರೆ — ಎಂದು ನಕ್ಕರು, ಬೇರೆ ಒಂದು ಮಾತೂ ಇಲ್ಲ, ಬೈದಿದ್ದರೆ ನಾನು ಬದುಕುತ್ತಿದ್ದೆ. ಯಾರಿಗೂ ಹೇಳಿಲ್ಲ ಅವರು, ಬೀದಿಯವರೆಲ್ಲ ಅವಸರದ ಮೇಷ್ಟ್ರು ಎನ್ನುತ್ತಾರೆ, ಬದುಕಿಡೀ ನಿಧಾನವಾಗಿ ಬೋರ್ಡಿನ ಮೇಲೆ ಒಂದೊಂದೇ ಹಂತ ಬರೆದ ಮನುಷ್ಯ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು, ಬಂದ ಬುದ್ಧಿಯೂ ಧೈರ್ಯವನ್ನು ಜೊತೆಗೆ ಕರೆತರಲಿಲ್ಲ, ಆವತ್ತಿನಿಂದ ಆಸ್ಪತ್ರೆಯ ಆಯಾ ಕೈ ಹಿಡಿದು ನನ್ನನ್ನು ದಾಟಿಸುತ್ತಾಳೆ, ಕೇಳಿದವರಿಗೆ ಮಂಡಿನೋವು ಎನ್ನುತ್ತೇನೆ. ಕುರುಡರ ಸಂಘದವರು ಅರ್ಜಿ ಹಾಕಿ ಮತ್ತೆ ಈ ವಿಚಾರಣೆ ತರಿಸಿದ್ದಾರೆ, ಇವತ್ತು ತಮ್ಮನ ಕಡೆಯ ಸಾಕ್ಷಿ ನಾನು, ತೊಂದ್ರೆ ಆಗಿಲ್ಲ ಎಂದರೆ ನಿಯಮ ಸತ್ತಿತು, ಮೇಷ್ಟ್ರು ಸಾಯುವ ತನಕ ಅವಸರದವರು, ನಿಜ ಹೇಳಿದರೆ ತುಂಬಿದ ಸಭೆಯಲ್ಲಿ ತಮ್ಮನ ಮುಖ, ಅವನ ಮುಖ ನಾನು ನೋಡಿಲ್ಲ, ಬೆರಳಿನಲ್ಲಿ ಗೊತ್ತು, ಹುಬ್ಬಿನ ಮೇಲೊಂದು ಗಾಯದ ಗೆರೆ, ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ಬಿದ್ದಾಗಿನದು.

ಅಕ್ಕ — ಆಚೆಯಿಂದಲ್ಲ, ಪಕ್ಕದಲ್ಲೇ, ಏದುಸಿರು, ಕಾಗದಗಳ ಸರಸರ, ಕಿಟಕಿಯಿಂದ ನೋಡ್ತಾನೇ ಇದ್ದೀನಿ, ಏನಿದು ಕಂಬದ ಥರ ಇಲ್ಲೇ ನಿಂತ್ಬಿಟ್ಟಿದ್ದೀಯಾ, ನಿನ್ನ ಹೆಸರು ಕರೀತಾರೆ ಈಗ, ಬಾ ಬಾ. ಮೊಣಕೈ ಹಿಡಿದ, ಬೆಚ್ಚಗಿನ ಕೈ, ಓಡಿ ಬಂದ ಬೆವರು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಅವನ ತಲೆ ತಿರುಗಿದ್ದು ಕಾಲರಿನ ಸದ್ದಿನಲ್ಲಿ ತಿಳಿಯಿತು, ಏನೂ ಬರ್ತಿಲ್ಲ ಅಕ್ಕ, ನಡಿ. ಕಾಲು ಏಳಲಿಲ್ಲ. ಅವನಿಗೆ ಕಣ್ಣಿದೆ, ನೋಡಿಯೇ ಹೇಳಿದ್ದಾನೆ, ಗೊತ್ತು, ಆದರೂ ಕಾಲು ಏಳಲಿಲ್ಲ, ನಡಿ ಅಕ್ಕ, ನಾನಿದ್ದೀನಲ್ಲ, ಎಂದ, ಮೇಷ್ಟ್ರಿಗೂ ನಾನಿದ್ದೆ, ಎಂದೆ, ಏನಂದೆ, ಎಂದ, ಅವತ್ತು ನಾನೂ ಹಿಂಗೇ ಅಂದೆ ಕಣೋ, ಏನೂ ಬರ್ತಿಲ್ಲ ನಡೀರಿ ಅಂತ, ಅವರು ಅವಸರ ಮಾಡ್ಲಿಲ್ಲ, ನಂಗೇ ಏನೂ ಕೇಳ್ಸಿರ್ಲಿಲ್ಲ, ಯಾವತ್ತೂ ಕೇಳ್ಸಿಲ್ಲ, ನಿನ್ನ ಹತ್ರ ಹೇಳೋಕೆ ನಾಚಿಕೆ ಆಯ್ತು. ಕಾಗದಗಳ ಸರಸರ ನಿಂತಿತು. ಬೈಯೋ, ಏನಾದರೂ ಬೈಯೋ, ಅಕ್ಕ ಎನ್ನು, ಪಾಪ ಎನ್ನು, ಬೇಕಾದರೆ ಪಾಪ ಎಂದೇ ಎನ್ನು — ಮೂಗೆಳೆಯಲಿಲ್ಲ, ಗಾಳಿ ಭುಜಕ್ಕೆ, ಬಸ್ಸೊಂದು ನಮ್ಮೆದುರು ಹಾದು ಹೋಯಿತು, ಮೊಣಕೈ ಮೇಲೆ ತಮ್ಮನ ಬೆರಳುಗಳು, ಬಿಗಿಯಾಗಲಿಲ್ಲ, ಸಡಿಲ, ಒಂದೊಂದಾಗಿ, ಕಿರುಬೆರಳು ಹೋಯಿತು, ಮೊಣಕೈ, ಬೆರಳು, ಮೊಣಕೈ — ಈಗ ಬರೀ ಮೊಣಕೈ.