ಒಂದೇ ಬಿಲ್ಲೆಯ ಸುತ್ತ

ಅವಳು ಗಾಜಿನ ತಟ್ಟೆಯ ಮುಚ್ಚಳ ತೆಗೆದಳು. ಇಪ್ಪತ್ತು ವರ್ಷಗಳಿಂದ ಈ ಆಸ್ಪತ್ರೆಯ ಲ್ಯಾಬಿನಲ್ಲಿ ಇಂಥ ಸಾವಿರಾರು ತಟ್ಟೆ ನೋಡಿದವಳು. ಆದರೆ ಇದು ತಂಗಿಯ ಮಗಳ ರಕ್ತದಲ್ಲಿದ್ದ ಕ್ರಿಮಿಗಳನ್ನು ಬೆಳೆಸಿದ ತಟ್ಟೆ. ಆರು ವರ್ಷದ ಹುಡುಗಿ ಮೇಲಿನ ವಾರ್ಡಿನಲ್ಲಿ ಐದು ದಿನದಿಂದ ಜ್ವರದಲ್ಲಿ ಬೇಯುತ್ತಿದ್ದಳು. ಯಾವ ಔಷಧಿಯೂ ನಾಟುತ್ತಿರಲಿಲ್ಲ.

ತಟ್ಟೆಯಲ್ಲಿ ಆರು ಪುಟ್ಟ ಬಿಲ್ಲೆಗಳು, ಒಂದೊಂದರಲ್ಲಿ ಒಂದೊಂದು ಔಷಧಿ. ಔಷಧಿ ಗೆದ್ದರೆ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಮೂಡಬೇಕು. ಐದರ ಅಂಚಿನವರೆಗೂ ಸಾಲ್ಮೊನೆಲ್ಲಾ ಎಂಬ ಆ ಕ್ರಿಮಿ ಹುಲುಸಾಗಿ ಬೆಳೆದಿತ್ತು. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಆರನೆಯದನ್ನು ನೋಡಿದಳು. ಉಂಗುರ! ಅಗಲವಾದ, ಸ್ವಚ್ಛವಾದ ಉಂಗುರ!

ಫೋನೆತ್ತಿದಳು. "ಡಾಕ್ಟ್ರೇ, ಸಿಕ್ತು! ಆರನೇದು!"

"ಕಿರುಚಬೇಡಿ ಮೇಡಂ, ಆಮೇಲೆ ನನ್ನ ಕಿವೀನೂ ಅಡ್ಮಿಟ್ ಮಾಡ್ಬೇಕಾಗುತ್ತೆ," ಡಾಕ್ಟರು ನಕ್ಕರು. "ಈಗ್ಲೇ ಶುರು ಮಾಡ್ತೀನಿ."

ಪಕ್ಕದಲ್ಲಿ ಇನ್ನೊಂದು ತಟ್ಟೆಯಿತ್ತು. ಕಾಯಿಲೆ ಕೋಳಿಗಳಿಂದಲೇ ಬಂತೇ ಎಂಬ ಅನುಮಾನ ತಡೆಯಲಾಗದೆ ತಂಗಿಯ ಕೋಳಿ ಶೆಡ್ಡಿನಿಂದ ಹಿಕ್ಕೆ ತಂದು ಬೆಳೆಸಿದ್ದಳು. ಅಲ್ಲಿಯೂ ಐದಕ್ಕೆ ಉಂಗುರವಿಲ್ಲ, ಆರನೆಯದಕ್ಕೆ ಮಾತ್ರ ಉಂಗುರ. ಅಚ್ಚು ಹೊಯ್ದ ಹಾಗೆ.

ಎರಡೆರಡು ಮೆಟ್ಟಿಲು ಹಾರಿ ವಾರ್ಡಿಗೆ ಓಡಿದಳು. ನರ್ಸು ಆಗಲೇ ಹೊಸ ಔಷಧಿಯ ಬಾಟಲಿ ತೂಗುಹಾಕುತ್ತಿದ್ದಳು.

"ಕೋಳಿ ರಿಪೋರ್ಟೂ ಬಂತಾ ಅಕ್ಕಾ? ನಮ್ಮವು ಬಿಡು, ಗುಂಡುಕಲ್ಲಿನ ಹಾಗಿವೆ," ಎಂದಳು ಹಾಸಿಗೆಯ ಪಕ್ಕ ಕೂತಿದ್ದ ತಂಗಿ.

"ಅವುಗಳ ನೀರಿಗೆ ಔಷಧಿ ಹಾಕ್ತೀಯಾ?"

"ದಿನಾ! ಕಾಯಿಲೆ ಬರೋ ಮುಂಚೆನೇ ಹಾಕಿದ್ರೆ ಹತ್ರಾನೂ ಸುಳಿಯಲ್ಲ ಅಂತ ಅಂಗಡಿಯವನು ಹೇಳ್ದ. ನಾನೇನು ಜಿಪುಣಿನಾ? ಹೊಸ ಮರಿ ಬಂದ ದಿನದಿಂದ್ಲೇ ಹಾಕ್ತೀನಿ."

"ಅದನ್ನೇ ಕುಡಿದೂ ಕುಡಿದೂ ಕೋಳಿ ಮೈಯಲ್ಲಿರೋ ಕ್ರಿಮಿಗಳು ಪಳಗಿಬಿಟ್ಟಿವೆ ಕಣೆ, ಈಗ ಔಷಧಿಗೆ ಸಾಯಲ್ಲ. ಮೊಟ್ಟೆಯಿಂದ್ಲೋ ಹಿಕ್ಕೆಯಿಂದ್ಲೋ ಇವಳ ಮೈಗೂ ಅವೇ ಸೇರಿವೆ."

ತಂಗಿ ಮಗಳನ್ನು ನೋಡಿದಳು, ಅಕ್ಕನನ್ನು ನೋಡಿದಳು. ಬೈದಾಳೇನೋ, ಅತ್ತಾಳೇನೋ ಎಂದು ಅಕ್ಕ ಕಾದಳು. ಅವಳು ಗಂಡನಿಗೆ ಫೋನ್ ಹಚ್ಚಿದಳು.

"ರೀ, ಮೊಟ್ಟೆ ಗಾಡಿ ಹೊರಟಿಲ್ಲ ತಾನೆ? ನಿಲ್ಸಿ. ಒಂದು ಮೊಟ್ಟೆನೂ ಆಚೆ ಹೋಗ್ಬಾರ್ದು. ಯಾಕೆ ಅಂದ್ರೆ? ಪಕ್ಕದ ಮನೆಗಳಲ್ಲೂ ಮಕ್ಕಳಿದಾರೆ ರೀ! ನಿಲ್ಸಿ ಅಂದ್ನಲ್ಲ!"

ಮೂರನೆಯ ದಿನ ಬೆಳಿಗ್ಗೆ ಹುಡುಗಿ ಬೆವರಿ ತೊಪ್ಪೆಯಾಗಿದ್ದಳು. ನಿದ್ದೆಯಲ್ಲೇ ಹೊದಿಕೆ ಒದ್ದು ಒಂದು ಕಾಲು ಹೊರಗೆ ಚಾಚಿದಳು. ಹೊದಿಸಲು ಹೋದ ತಂಗಿ, ಜ್ವರ ಬಿಟ್ಟು ತಣ್ಣಗಾಗಿದ್ದ ಆ ಪಾದವನ್ನು ಕೈಯಲ್ಲಿ ಹಿಡಿದು ಹಾಗೆಯೇ ಕೂತುಬಿಟ್ಟಳು.