ಮೂಸಮ್ಮನ ಸಹಿ

ಮೇಜಿನ ಮೇಲೆ ಬಣ್ಣವಿಲ್ಲದ ಗಾಜಿನ ಲೋಟಗಳನ್ನು ಕಂಡ ಕೂಡಲೇ ಕಿರಿಯ ಸೊಸೆಯ ಸಿಟ್ಟು ನೆತ್ತಿಗೇರಿತು. ನೀಲಿ ಲೋಟಗಳನ್ನು ಹಿಂದಿನ ಸಂಜೆ ಅವಳೇ ತೊಳೆದು, ಒರೆಸಿ, ಸಾಬೂನಿನ ವಾಸನೆ ಉಳಿದಿಲ್ಲವೆಂದು ಒಂದೊಂದನ್ನೂ ಮೂಸಿ ನೋಡಿ ಬೀರುವಿನಲ್ಲಿ ಬೋರಲು ಹಾಕಿದ್ದಳು. ಅಂಗಡಿಯ ಹಿಂದಿನ ಈ ಕೋಣೆಯಲ್ಲಿ ವಿಸ್ಕಿಯ ಪರೀಕ್ಷೆ ನಡೆಯುವುದು ನೀಲಿ ಗಾಜಿನಲ್ಲೇ. ಒಳಗಿರುವುದು ಒಣಹುಲ್ಲಿನ ಬಣ್ಣದ್ದೋ ಕಪ್ಪು ಚಹಾದ ಬಣ್ಣದ್ದೋ ನೋಡುವವನಿಗೆ ತಿಳಿಯಬಾರದು. ಕಣ್ಣು ಮೂಗಿಗೆ ಚಾಡಿ ಹೇಳುತ್ತದೆ ಎಂಬುದು ಮಾವನವರ ಮಾತು. ಅದೇ ಈ ಕೋಣೆಯ ಕಾನೂನು.

"ಇದನ್ನ ಯಾರು ಇಟ್ಟಿದ್ದು ಇಲ್ಲಿ?"

"ನಾನೇ," ಎಂದ ಭಾವ. "ಬಣ್ಣಾನೂ ಸ್ವಲ್ಪ ನೋಡೋಣ ಅಂತ. ಬಣ್ಣಕ್ಕೇ ಅಲ್ವೇನಮ್ಮ ಇವತ್ತು ಬೆಲೆ?"

ಭಾವ ಅಂದರೆ ಮನೆಯ ಹಿರಿಮಗ. ಅಂಗಡಿಯ ವ್ಯಾಪಾರವೆಲ್ಲ ಅವನದು. ಅವನ ಪಕ್ಕದಲ್ಲಿ ಪೀಪಾಯಿಗಳ ದಲ್ಲಾಳಿ ಕೂತಿದ್ದ. ಇಸ್ತ್ರಿ ಕೋಟು ಹಾಕಿಕೊಂಡ, ಮಾತಿಗೂ ಇಸ್ತ್ರಿ ಹಾಕಿಯೇ ಆಡುವ ಮನುಷ್ಯ. ಎದುರಿಗೆ ಮಾವನವರು, ಮೂಲೆಯಲ್ಲಿ ಅವಳ ಗಂಡ. ಗಂಡನ ಬಗ್ಗೆ ಹೇಳಬೇಕಾದ್ದು ಹೆಚ್ಚಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಮನೆಯಲ್ಲಿ ಅವನು ಗಾಡಿಯಲ್ಲಿ ಕೂತು ನಿದ್ದೆ ಮಾಡುವ ಜಾತಿ.

ಇವರ ಅಂಗಡಿ ವರ್ಷಕ್ಕೊಮ್ಮೆ ಸ್ಕಾಚ್ ಸಿಂಗಲ್ ಮಾಲ್ಟ್ ಎಂಬ, ಒಂದೇ ಭಟ್ಟಿಯಲ್ಲಿ ಇಳಿಸಿದ ವಿಸ್ಕಿಯ ಒಂದು ಇಡೀ ಪೀಪಾಯಿಯನ್ನು ಕೊಂಡು, ಸ್ವಂತ ಲೇಬಲ್ಲು ಅಂಟಿಸಿ ಮಾರುತ್ತದೆ. ಲೇಬಲ್ಲಿನ ಕೆಳಗೆ ಆರಿಸಿದವರ ಸಹಿ ಇರುತ್ತದೆ. ಮೊದಲು ಅದು ಮಾವನವರ ಸಹಿಯಾಗಿತ್ತು. ವೈದ್ಯರು ಅವರಿಗೆ ಕುಡಿಯಬೇಡಿ, ಬೇಕಿದ್ದರೆ ಮೂಸಿ ಎಂದ ಮೇಲೆ ಅವರು ಪೆನ್ನನ್ನು ಕಿರಿಯ ಸೊಸೆಯ ಕೈಗೆ ಕೊಟ್ಟರು. ಮಕ್ಕಳಿಬ್ಬರಿಗೂ ಕೊಡಲಿಲ್ಲ. ಅವಳು ಆರಿಸಿದ ಮೊದಲ ಪೀಪಾಯಿ ಬಂದ ತಿಂಗಳಲ್ಲೇ ಖಾಲಿಯಾಯಿತು. ಆಮೇಲೆ ಗಿರಾಕಿಗಳು ಅಂಗಡಿಯ ಹೆಸರು ಬಿಟ್ಟು "ಮೂಸಮ್ಮಂದು ಬಂತಾ?" ಎಂದು ಕೇಳತೊಡಗಿದರು. ಮುಂದೆ ನಿಂತು ಹಾಗೆ ಕರೆದರೆ ಅವಳು ಗದರಿಸುತ್ತಿದ್ದಳು. ಬೆನ್ನ ಹಿಂದೆ ಕರೆದರೆ ಕೇಳಿಸದಂತೆ ಇರುತ್ತಿದ್ದಳು, ಕೇಳಿಸುತ್ತಿತ್ತು.

ಈ ಸಲದ್ದು ಶೆರಿ ಪೀಪಾಯಿ. ಶೆರಿ ಎಂಬ ದ್ರಾಕ್ಷಾರಸ ತುಂಬಿದ್ದ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿ ಎದ್ದ ವಿಸ್ಕಿ. ಒಳ್ಳೆಯದಾದರೆ ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ, ಅಕ್ರೋಟು, ಹಳೆಯ ಚರ್ಮದ ಪೆಟ್ಟಿಗೆ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಗಾಢ ಬಣ್ಣ ಬರುತ್ತದೆ. ಬೆಲೆಯೂ ಬಣ್ಣದ ಹಿಂದೆಯೇ ಬರುತ್ತದೆ.

ದಲ್ಲಾಳಿ ಮಾದರಿ ಸೀಸೆಯಿಂದ ಬಗ್ಗಿಸಿದ. ಲೋಟಗಳಲ್ಲಿ ಮರದ ಮೇಜಿಗೆ ಹೊಸದಾಗಿ ಬಳಿದ ಪಾಲಿಶಿನಂಥ ಕೆಂಗಪ್ಪು ನಿಂತಿತು.

"ಆಹಾ!" ಎಂದ ಭಾವ, ಇನ್ನೂ ಮೂಗಿಗೆ ಹಿಡಿಯುವ ಮೊದಲೇ.

ಕೋಣೆಯ ಎರಡನೆಯ ಕಾನೂನೂ ಅಲ್ಲಿಗೆ ಮುರಿಯಿತು. ಇಲ್ಲಿ ಕಿರಿಯರು ಮೊದಲು ಮಾತಾಡಬೇಕು, ಹಿರಿಯರು ಕೊನೆಗೆ. ಇಲ್ಲದಿದ್ದರೆ ಹಿರಿಯರ ಬಾಯಿಂದ ಖರ್ಜೂರ ಬಿದ್ದದ್ದೇ ತಡ, ಎಲ್ಲರ ಲೋಟದಲ್ಲೂ ಖರ್ಜೂರ ಹುಟ್ಟಿಕೊಳ್ಳುತ್ತದೆ.

"ಭಾವ, ನನ್ನ ಸರದಿ ಮೊದಲು."

"ಆಯ್ತಮ್ಮ, ಮೂಸು. ಮೂಸೋದಕ್ಕೆ ತಾನೆ ಇರೋದು ನೀನು."

ಅವಳು ಮೂಸಿದಳು. ಒಮ್ಮೆ ದೂರದಿಂದ, ಒಮ್ಮೆ ಬಾಯಿ ಅರೆ ತೆರೆದು. ನಾಲ್ಕು ಹನಿ ನೀರು ಬಿಟ್ಟು ಅಂಗೈ ಮುಚ್ಚಿ ಕಾದಳು. ಮತ್ತೆ ಮೂಸಿದಳು. ಒಂದು ಗುಟುಕು ನಾಲಿಗೆಯ ಮೇಲೆ ಹೊರಳಿಸಿ ಉಗುಳುವ ಬಟ್ಟಲಿಗೆ ಉಗುಳಿದಳು.

"ದ್ರಾಕ್ಷಿ ಇದೆ. ಲವಂಗ ಇದೆ. ಮರ ಚೆನ್ನಾಗಿ ಬಂದಿದೆ, ಸುಳ್ಳು ಹೇಳಲ್ಲ. ಆದ್ರೆ ಅದರ ಮೇಲೆಲ್ಲ ಗಂಧಕ ಕೂತಿದೆ. ಕೆಟ್ಟ ಮೊಟ್ಟೆ ಬೇಯಿಸಿದ ಪಾತ್ರೇಲಿ ಬೆಂಕಿಕಡ್ಡಿ ಗೀರಿದ ಹಾಗಿದೆ. ಖಾಲಿ ಪೀಪಾಯಿ ಬೂಸ್ಟು ಹಿಡೀಬಾರದು ಅಂತ ಒಳಗೆ ಗಂಧಕ ಸುಡ್ತಾರಲ್ಲ, ಯಾರೋ ಕೈ ಬಿಚ್ಚಿ ಸುಟ್ಟಿದ್ದಾರೆ. ಇದು ಬೇಡ."

ಭಾವ ಮೂಸಿದ. ಮಾವನವರು ಮೂಸಿದರು. ಗಂಡ, ಎಲ್ಲರೂ ಮೂಸುತ್ತಿದ್ದಾರಲ್ಲ ಎಂದು ಮೂಸಿದ.

"ಎಲ್ಲಿದೆ ಗಂಧಕ? ಅಪ್ಪ, ನಿಮಗೆ ಬಂತಾ?"

"ನನಗೆ ಬರ್ಲಿಲ್ಲ," ಎಂದರು ಮಾವನವರು ನಿಧಾನವಾಗಿ.

"ನಿನಗೆ ಬಂತೇನೋ?"

"ಇಲ್ಲ," ಎಂದ ಗಂಡ. ಹೆಂಡತಿಯ ಮುಖ ನೋಡಿ "ಅಷ್ಟಾಗಿ," ಎಂದು ಸೇರಿಸಿದ.

"ನೋಡಮ್ಮ, ಈ ಮನೇಲಿ ಮೂಗು ಅನ್ನೋದು ರಕ್ತದಲ್ಲಿ ಬಂದಿದ್ದು. ಮೂರು ಮೂಗಿಗೆ ಬರದ ವಾಸನೆ ನಿನ್ನೊಬ್ಬಳಿಗೆ ಬಂತು ಅಂದ್ರೆ ತಪ್ಪು ಪೀಪಾಯೀದಾ? ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ಕಪ್ಪಗಿರೋದೆಲ್ಲ ಶೆರಿ ಅಲ್ಲ ಭಾವ. ಬಣ್ಣ ನೋಡಿ ಮನಸ್ಸಲ್ಲೇ ಬೆಲೆ ಕಟ್ಟಿ ಆಮೇಲೆ ಮೂಸಿದ್ರಿ ನೀವು."

ದಲ್ಲಾಳಿ ಗಂಟಲು ಸರಿಮಾಡಿಕೊಂಡ. "ಮೇಡಂ, ನಿಮ್ಮ ಸೂಕ್ಷ್ಮ ನಾನು ಒಪ್ಪಿದೆ. ಆದ್ರೆ ಜನ ಬಣ್ಣ ಕುಡೀತಾರೆ. ಇಂಥ ಗಾಢದ್ದು ಮತ್ತೆ ಸಿಗಲ್ಲ. ಅದೂ ಅಲ್ದೆ ಈಗ ಹಿಂದೆ ಸರಿಯೋದು ಹೇಗೆ? ನಿಮ್ಮ ಸಹಿ ಹಾಕಿರೋ ಲೇಬಲ್ಲೂ ಪ್ರೆಸ್ಸಿಗೆ ಹೋಗಿದೆಯಂತಲ್ಲ."

ಭಾವ ದಲ್ಲಾಳಿಯನ್ನು ನೋಡಿದ ನೋಟಕ್ಕೆ ಆ ಕೋಟಿನ ಇಸ್ತ್ರಿ ಕೆಡಬೇಕಿತ್ತು.

"ಯಾವ ಸಹಿ?" ಎಂದಳು ಅವಳು.

"ಹೋದ ಸಲದ್ದೇ... ಅಚ್ಚು ಇತ್ತಲ್ಲ ಪ್ರೆಸ್ಸಲ್ಲಿ," ಎಂದ ಭಾವ. "ಟೈಮಿಗೆ ಆಗ್ಲಿ ಅಂತ ಕೊಟ್ಟೆ. ನೀನು ಹೇಗೂ ಒಪ್ತೀಯಲ್ಲ ಅಂತ."

"ನಾನು ಮೂಸೋಕೆ ಮುಂಚೆ ನನ್ನ ಸಹಿ ಒಪ್ಪಿಬಿಟ್ಟಿತಾ? ಹಾಗಾದ್ರೆ ಈ ಲೋಟ ಯಾಕೆ, ಈ ನೀರು ಯಾಕೆ, ಇವರನ್ನ ಕರ್ಸಿ ಈ ನಾಟಕ ಯಾಕೆ? ಭಾವ, ನಾಳೆ ಒಬ್ಬ ಗಿರಾಕಿ ಸೀಸೆ ತಂದು ಕೌಂಟರ್ ಮೇಲೆ ಕುಟ್ಟಿ 'ಏನಮ್ಮ, ಇದಾ ನೀನು ಆರ್ಸಿದ್ದು' ಅಂದ್ರೆ ನಾನು ಯಾರ ಮುಖ ತೋರಿಸ್ಲಿ? ನಿಮ್ಮದಾ?"

"ಕೂಗ್ಬೇಡ. ಹೊರಗಿನವರಿದ್ದಾರೆ."

"ಹೊರಗಿನವರಿಗೆ ಗೊತ್ತಿದ್ದದ್ದು ನನಗೆ ಗೊತ್ತಿರ್ಲಿಲ್ಲ. ಹಾಗಾದ್ರೆ ಹೊರಗಿನವಳು ನಾನೇ. ಹೊರಗಿನವರು ಕೂಗಿದ್ರೆ ಏನು ತಪ್ಪು?"

ಮಾವನವರು ಕೈಯೆತ್ತಿದರು. "ಅಮ್ಮ, ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ. ಕೂತ್ಕೋ."

"ನನ್ನ ಮೂಗು ನಾನು ಕೊಯ್ಕೊಂಡಿಲ್ಲ ಮಾವ. ಕೊಯ್ದು ಪ್ರೆಸ್ಸಿಗೆ ಕಳ್ಸಿದ್ದಾರೆ."

ಅವಳು ಕೂರಲಿಲ್ಲ. ಬೀರುವಿನ ಬಾಗಿಲು ತೆರೆದು, ಅದರ ಮರೆಯಲ್ಲಿ ನಿಂತು ಮೂರು ನೀಲಿ ಲೋಟಗಳಿಗೆ ಅದೇ ಸೀಸೆಯಿಂದ ಬಗ್ಗಿಸಿದಳು. ಖಾನೆಯಿಂದ ಒಂದು ತಾಮ್ರದ ತುಂಡು ತೆಗೆದಳು. ಕೊಳಾಯಿ ರಿಪೇರಿಯವನು ಬಿಟ್ಟುಹೋದ ಪೈಪಿನದು, ಅವಳು ಉಜ್ಜಿ ಹೊಳಪು ಮಾಡಿ ಇಟ್ಟುಕೊಂಡಿದ್ದಳು. ತಾಮ್ರ ಗಂಧಕವನ್ನು ಹಿಡಿದುಕೊಳ್ಳುತ್ತದೆ. ವಿಸ್ಕಿ ಕಾಯಿಸುವ ಹಂಡೆಗಳು ತಾಮ್ರದ್ದಾಗಿರುವುದಕ್ಕೆ ಅದೂ ಒಂದು ಕಾರಣ. ಒಂದೇ ಲೋಟದಲ್ಲಿ ಆ ತುಂಡನ್ನು ಚೆನ್ನಾಗಿ ಕಲಕಿ ತೆಗೆದು, ಮೂರನ್ನೂ ತಂದು ಮೇಜಿನ ಮೇಲೆ ಸಾಲಾಗಿಟ್ಟಳು.

"ಎರಡು ಒಂದೇ. ಒಂದು ಬೇರೆ. ಅದರಲ್ಲಿ ಗಂಧಕ ತೆಗೆದಿದ್ದೀನಿ. ಯಾವ್ದು ಹೇಳಿ. ನನಗೆ ಬಾಗಿಲಾಚೆ ನಿಂತ್ರೂ ಗೊತ್ತಾಗತ್ತೆ."

ಗಂಡ ಎಡಗಡೆಯದನ್ನು ತೋರಿಸಿದ. ಭಾವ ನಡುವಿನದನ್ನು ತೋರಿಸಿದ. ಸರಿಯಾದದ್ದು ನಡುವಿನದೇ ಆಗಿತ್ತು.

"ಹೆಂಗೆ!" ಎಂದು ಭಾವ ತೊಡೆ ತಟ್ಟಿದ. "ಮೂಗಿಲ್ಲ ಅಂದ್ಯಲ್ಲ!"

ಅವಳು ಲೋಟಗಳನ್ನು ಒಯ್ದು, ಮರೆಯಲ್ಲಿ ಜಾಗ ಬದಲಿಸಿ ತಂದಳು. ಈ ಸಲ ಭಾವ ಬಲಗಡೆಯದೆಂದ. ಅಲ್ಲ. ಮತ್ತೊಮ್ಮೆ ಬದಲಿಸಿದಳು. ಎಡಗಡೆಯದೆಂದ. ಅಲ್ಲ. ನಾಲ್ಕನೆಯ ಸಲಕ್ಕೆ "ನನ್ನ ಆಡಿಸ್ತಿದ್ದೀಯ" ಎಂದ.

"ನೀವು ನೋಡ್ತೀರಾ?" ಎಂದು ಅವಳು ದಲ್ಲಾಳಿಯ ಕಡೆ ಲೋಟ ತಳ್ಳಿದಳು.

"ನನಗೆ ನೆಗಡಿ ಮೇಡಂ." ಕರ್ಚೀಫು ಹುಡುಕಲು ಅವನಿಗೆ ಮೂರು ಜೇಬು ಬೇಕಾಯಿತು.

"ಬಂದಾಗ ಇರ್ಲಿಲ್ಲ."

"ಈಗ ಹಿಡೀತು."

ಮಾವನವರು ಮಾತ್ರ ಒಂದೊಂದು ಲೋಟವನ್ನೂ ಕಣ್ಣುಮುಚ್ಚಿ ಬಹಳ ಹೊತ್ತು ಹಿಡಿದಿದ್ದರು. ಕೊನೆಗೆ ಮೂರನ್ನೂ ಒಟ್ಟಿಗೆ ಸರಿಸಿಟ್ಟರು.

"ನನಗೆ ಮೂರೂ ಒಂದೇ." ಅವರ ದನಿಯಲ್ಲಿ ನಾಚಿಕೆಗಿಂತ ಬೆರಗು ಹೆಚ್ಚಿತ್ತು. "ನಮ್ಮಪ್ಪ ಕೊಳೆತ ಮೊಟ್ಟೇನ ಹಾಗೇ ಒಡೆದು ಬಾಣಲೆಗೆ ಹಾಕೋರು. ಅಮ್ಮ ಓಡಿ ಬಂದು ಬೈಯೋಳು, ಮೂಗೇನು ಬಾಡಿಗೆಗೆ ಕೊಟ್ಟಿದ್ದೀರಾ ಅಂತ. ನಾವೆಲ್ಲ ನಗ್ತಿದ್ವಿ. ಅವರ ಥರಾನೇ ನಾವೂ... ರಕ್ತದಲ್ಲಿ ಬಂದಿದ್ದು ಅಂದ್ಯಲ್ಲ ಮಗನೆ, ನಿಜ. ಮೂಗಲ್ಲ, ತೂತು ಬಂದಿದೆ."

ಹಾಗೆ ಹುಟ್ಟಿನಿಂದಲೇ ಒಂದೆರಡು ವಾಸನೆಗಳಿಗೆ ಕುರುಡಾದ ಮೂಗುಗಳು ಲೋಕದಲ್ಲಿ ಬೇಕಾದಷ್ಟಿವೆ. ಅಂಥವನ್ನೇ ಮೂರು ಒಂದೇ ಮೇಜಿನ ಸುತ್ತ ಕೂರಿಸಿ, ಒಂದರ ಮಾತಿಗೆ ಇನ್ನೊಂದನ್ನು ಸಾಕ್ಷಿ ಮಾಡಿ ಅದಕ್ಕೆ ಮನೆತನ ಎಂದು ಹೆಸರಿಡಲು ಮಾತ್ರ ಇಂಥ ಅಂಗಡಿ ಬೇಕು.

ಭಾವನಿಗೆ ಉಸಿರು ತಿರುಗಿತು. "ಸರಿ, ನಮಗೆ ಬರಲ್ಲ. ಒಳ್ಳೇದೇ ಆಯ್ತು. ನಮ್ಮಂಥೋರು ಎಷ್ಟು ಜನ ಇಲ್ಲ? ಅವರಿಗೆ ಇದು ಅಮೃತ. ಅವರಿಗೆ ಮಾರೋಣ."

"ಮಾರಿ," ಎಂದಳು ಅವಳು. "ನಾನು ಬೇಡ ಅಂದ್ನಾ? ನಿಮಗೆ ಚೆನ್ನಾಗಿದ್ರೆ ನಿಮ್ಮಂಥೋರಿಗೆ ಮಾರಿ. ನನಗೆ ಚೆನ್ನಾಗಿದೆ ಅಂತ ಯಾಕೆ ಮಾರ್ತೀರಿ?"

"ನನ್ನ ಸಹಿ ಹಾಕಿ," ಎಂದರು ಮಾವನವರು. "ನನಗೆ ಚೆನ್ನಾಗೇ ಇದೆ. ನಾನು ಹಾಕಿದ್ರೆ ಸುಳ್ಳಾಗಲ್ಲ."

"ಅಪ್ಪ, ಸುಮ್ನಿರಿ. ನಿಮ್ಮ ಸಹಿಗೆ ಈಗ ಯಾರು ಕೊಡ್ತಾರೆ ಆ ಬೆಲೆ?" ಭಾವನ ಬಾಯಿ ಅವನಿಗಿಂತ ಮುಂದೆ ಹೋಗಿತ್ತು, ಹಿಂದಕ್ಕೆ ಕರೆಯುವಷ್ಟರಲ್ಲಿ ಇನ್ನೂ ಮುಂದೆ ಹೋಯಿತು. "ಜನ ಕೇಳೋದು ಮೂಸಮ್ಮಂದು. ನಮಗೆ ಬೇಕಾಗಿರೋದು ಇವಳ ಹೆಸರು ಅಷ್ಟೆ, ಮೂಗಲ್ಲ!"

ಮಾವನವರು ಉಗುಳುವ ಬಟ್ಟಲಿನ ಕಡೆ ಮುಖ ತಿರುಗಿಸಿದರು. ಗಂಡ ಮೊದಲ ಬಾರಿಗೆ ಕುರ್ಚಿಯಿಂದ ಎದ್ದ.

"ಅಣ್ಣ, ಅದು ಜಾಸ್ತಿ ಆಯ್ತು."

"ಕೂತ್ಕೊಳ್ಳಿ ನೀವು," ಎಂದಳು ಹೆಂಡತಿ. "ನೀವು ಎದ್ದು ನಿಲ್ಲೋ ಹೊತ್ತಿಗೆ ಊಟ ಮುಗಿದು ಎಲೆ ಎತ್ತಿರ್ತಾರೆ." ಆಮೇಲೆ ಭಾವನ ಕಡೆ ತಿರುಗಿದಳು. ದನಿ ಏರಲಿಲ್ಲ, ಅವಳ ಸಿಟ್ಟು ಏರುವ ಹಂತ ದಾಟಿ ಗಟ್ಟಿಯಾಗಿತ್ತು. "ಮೂಗಿಗಿಂತ ಮೂಗುತಿ ಭಾರ ಅಂತಾರೆ, ಕೇಳಿದ್ದೆ. ಮೂಗನ್ನ ಬಿಸಾಕಿ ಮೂಗುತಿ ಕೊಡು ಅನ್ನೋರನ್ನ ಇವತ್ತು ನೋಡ್ದೆ. ಎರಡೂ ಕೊಡಲ್ಲ ಭಾವ."

"ಅವಳು ಕೊಡಲ್ಲ, ನನ್ನದು ನಿನಗೆ ಬೇಡ," ಎಂದರು ಮಾವನವರು. ಅವರು ಮಗನನ್ನು ನೋಡುತ್ತಿರಲಿಲ್ಲ. "ಪೀಪಾಯಿ ಬೇಕು ಅಂತಿರೋನು ನೀನು. ನಿನ್ನ ಹೆಸರು ಹಾಕು."

"ನನ್ನದಾ?"

"ಯಾಕೆ, ಅಮೃತ ಅಂದ್ಯಲ್ಲ."

ಇಷ್ಟು ವರ್ಷ ಅಂಗಡಿ ನಡೆಸಿದ ಭಾವನ ಹೆಸರು ವಿದ್ಯುತ್ ಬಿಲ್ಲಿನ ಹೊರತು ಬೇರೆಲ್ಲೂ ಅಚ್ಚಾಗಿರಲಿಲ್ಲ. ಅವನು ಹತ್ತಿರದ ಲೋಟವನ್ನು ಎತ್ತಿ ಮೂಸಿದ. ಕೆಳಗಿಟ್ಟ. ಇನ್ನೊಂದನ್ನು ಎತ್ತಿದ. ಸ್ವಲ್ಪ ಹೊತ್ತಿಗೆ ಮುಂಚೆ ಅವನಿಗೆ ಅದರಲ್ಲಿ ಇಲ್ಲದ್ದೇನೂ ಇರಲಿಲ್ಲ. ಈಗ ದ್ರಾಕ್ಷಿಯನ್ನೂ ಹುಡುಕಬೇಕಾಗಿತ್ತು.

ಅವಳು ಗೋಡೆಯ ಪಕ್ಕದ ಫೋನೆತ್ತಿ ಪ್ರೆಸ್ಸಿಗೆ ಹಚ್ಚಿದಳು.

"ಹಲೋ, ಹೌದು, ಅಂಗಡಿಯಿಂದಾನೇ. ಲೇಬಲ್ಲು ನಿಲ್ಸಿ. ನನ್ನ ಸಹಿ ತೆಗೀರಿ... ಹೂಂ, ಪೂರ್ತಿ. ಬೇರೆ ಹೆಸರು ಬರತ್ತೆ. ಒಂದ್ನಿಮಿಷ." ಫೋನಿನ ಬಾಯಿಗೆ ಕೈ ಮುಚ್ಚಿದಳು. "ಭಾವ, ನಿಮ್ಮ ಹೆಸರಿನ ಮುಂದೆ ಶ್ರೀ ಹಾಕ್ಬೇಕಾ ಅಂತ ಕೇಳ್ತಿದ್ದಾನೆ."

ಭಾವ ಲೋಟದಿಂದ ಮೂಗೆತ್ತದೆ ಕೇಳಿದ, "ಯಾವಾಗ ಬರತ್ತೆ ಆ ಗಂಧಕ? ಮೊದಲಾ, ನೀರು ಹಾಕಿದ ಮೇಲಾ?"

"ಶ್ರೀ ಹಾಕ್ಬೇಕಾ, ಬೇಡ್ವಾ?"

"ಬೇಡ ಅನ್ನು."

"ಬರೀ ಹೆಸರು ಸಾಕಾ?"

"ಹೆಸರೂ ಬೇಡ." ಅವನು ಲೋಟವನ್ನು ಇಟ್ಟ ರಭಸಕ್ಕೆ ವಿಸ್ಕಿ ಮೇಜಿನ ಮೇಲೆ ಚೆಲ್ಲಿತು. "ಪೀಪಾಯೀನೇ ಬೇಡ ಅಂತ ಹೇಳು!"

"ಅದನ್ನ ಪ್ರೆಸ್ಸಿನವನಿಗೆ ಯಾಕೆ ಹೇಳ್ಲಿ?" ಎಂದಳು ಅವಳು, ದಲ್ಲಾಳಿಯ ಕಡೆ ಗದ್ದ ಚಾಚಿ. "ಅಲ್ಲಿ ಕೂತಿದ್ದಾರಲ್ಲ ನೆಗಡಿ ಹಿಡ್ಕೊಂಡು. ನಿಮ್ಮ ಬಾಯಲ್ಲೇ ಹೇಳಿ."